ಕಚೇರಿಗೂ ತೋಟಕ್ಕೂ ಒಂದೇ ಗಾಡಿ: ನಾಲ್ಕು ಹಳೆಯ ಫೋರ್ ಬೈ ಫೋರ್‌ಗಳನ್ನು ಓಡಿಸಿ ನೋಡಿದ ಮೇಲೆ

ಹಾಸನದಿಂದ ಪೂರ್ವಕ್ಕೆ ಹೊರಟರೆ ಬಯಲುಸೀಮೆ, ಪಶ್ಚಿಮಕ್ಕೆ ಹೊರಟರೆ ಮಲೆನಾಡು. ನನ್ನ ವಾರ ಈ ಎರಡರ ನಡುವೆ ಹಂಚಿಹೋಗಿದೆ. ಕೆಲಸದ ದಿನಗಳಲ್ಲಿ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಚನ್ನರಾಯಪಟ್ಟಣದ ಕಚೇರಿಗೆ ಹೋಗಿ ಬರಲು ಸುಮಾರು 75 ಕಿಲೋಮೀಟರ್. ಶನಿವಾರ ಸಂಜೆ ಅದೇ ಹೆದ್ದಾರಿಯಲ್ಲಿ ಎದುರು ದಿಕ್ಕಿಗೆ ಹೊರಟು, ಸಕಲೇಶಪುರದಲ್ಲಿ ಅದನ್ನು ಬಿಟ್ಟು ಹೆತ್ತೂರಿನ ಕಡೆಯ ಅಣ್ಣನ ಕಾಫಿ ತೋಟಕ್ಕೆ. ಟಾರು ರಸ್ತೆ ಮುಗಿದ ಮೇಲೆ ಮೂರು ಕಿಲೋಮೀಟರ್ ಕೆಮ್ಮಣ್ಣಿನ ದಾರಿ, ನಡುವೆ ಒಂದು ಹಳ್ಳ, ಮನೆಗೆ ಮುಂಚೆ ಕಡಿದಾದ ಒಂದು ಉಬ್ಬು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನನ್ನ ಸಣ್ಣ ಕಾರು ಟಾರು ರಸ್ತೆಯ ಅಂಚಿನಲ್ಲೇ ನಿಲ್ಲುತ್ತಿತ್ತು. ನಾವು ಕೊಡೆ ಹಿಡಿದು ನಡೆಯುತ್ತಿದ್ದೆವು. ಅಮ್ಮನಿಗೆ ಎಪ್ಪತ್ತೊಂದು, ಎರಡೂ ಮಂಡಿ ನೋವು. ಕಳೆದ ವರ್ಷ ಇಡೀ ಮಳೆಗಾಲ ಅವಳು ತಾನು ಬಾಳಿದ ಮನೆಯನ್ನು ನೋಡಲಾಗಲಿಲ್ಲ. ಹಳೆಯದಾದರೂ ಸರಿ, ನಾಲ್ಕೂ ಚಕ್ರ ಎಳೆಯುವ ಗಾಡಿಯನ್ನು, ಅಂದರೆ ಫೋರ್ ಬೈ ಫೋರನ್ನು, ಕೊಳ್ಳಲೇಬೇಕೆಂದು ಆಗಲೇ ನಿರ್ಧರಿಸಿದೆ. ಕೈಯಲ್ಲಿದ್ದದ್ದು ಹನ್ನೊಂದು ಲಕ್ಷ.

ಈ ಮಳೆಗಾಲದಲ್ಲಿ ಎರಡು ತಿಂಗಳು ಇದಕ್ಕೇ ಮೀಸಲಿಟ್ಟೆ. 2013ರ ಮಾರುತಿ ಜಿಪ್ಸಿ, 2016ರ ಮಹೀಂದ್ರ ಥಾರ್, 2015ರ ರೆನೋ ಡಸ್ಟರ್ ಎಡಬ್ಲ್ಯುಡಿ (ಆಲ್ ವೀಲ್ ಡ್ರೈವ್), 2023ರ ಮಾರುತಿ ಜಿಮ್ನಿ. ಜಿಪ್ಸಿ ನೆರೆತೋಟದವರದು, ಥಾರ್ ಗೆಳೆಯನದು. ಕೊಳ್ಳುವುದಾದರೆ ಕೊಡಲು ಇಬ್ಬರೂ ಸಿದ್ಧರಿದ್ದರು. ಉಳಿದೆರಡಕ್ಕೆ ಮಾರುವವರನ್ನೇ ಜೊತೆಗೆ ಕೂರಿಸಿಕೊಂಡು ತೋಟದ ದಾರಿಯಲ್ಲಿ ಓಡಿಸಿದೆ. ಈ ಷರತ್ತಿಗೆ ಒಪ್ಪದ ಇಬ್ಬರ ಗಾಡಿಗಳನ್ನು ಅಲ್ಲಿಗೇ ಕೈಬಿಟ್ಟೆ. ಮಣ್ಣಿನ ದಾರಿಗೆಂದೇ ಮಾಡಿದ ಗಾಡಿಯನ್ನು ಊರಿನ ರಿಂಗ್ ರಸ್ತೆಯಲ್ಲಿ ಒಂದು ಸುತ್ತು ಹಾಕಿಸಿ ಮಾರಬಯಸುವವರನ್ನು ನಂಬಬಾರದೆಂದು ನಾನು ದೃಢವಾಗಿ ಹೇಳುತ್ತೇನೆ.

ಜಿಪ್ಸಿಯ ಮೇಲೆ ನನಗೆ ಪಕ್ಷಪಾತವಿದೆ, ಅದನ್ನು ಮೊದಲೇ ಹೇಳಿಬಿಡಬೇಕು. 1985ರ ಕೊನೆಯಲ್ಲಿ ಬಂದು 2019ರಲ್ಲಿ ನಿಲ್ಲುವ ತನಕ ಅದರ ಮೈಕಟ್ಟು ಹೆಚ್ಚು ಬದಲಾಗಲೇ ಇಲ್ಲ. ಸೇನೆಯಲ್ಲಿ, ಪೊಲೀಸ್ ಠಾಣೆಯ ಮುಂದೆ, ಕಾಡಿನ ಸಫಾರಿಯಲ್ಲಿ ಅದನ್ನು ನೋಡುತ್ತಲೇ ಬೆಳೆದವರು ನಾವು. 1,298 ಸಿಸಿಯ ಪೆಟ್ರೋಲ್ ಎಂಜಿನ್, 80 ಅಶ್ವಶಕ್ತಿ, ಕೇಳುವಾಗ ಸಣ್ಣದೆನಿಸುತ್ತದೆ. ಆದರೆ ಗಾಡಿಯ ತೂಕವೇ ಒಂದು ಟನ್ನಿನ ಆಸುಪಾಸು, ಅಗಲ 1,540 ಮಿಲಿಮೀಟರ್. ಕಾಫಿ ಗಿಡಗಳ ರೆಕ್ಕೆಗಳು ಎರಡೂ ಬದಿಯಿಂದ ಚಾಚಿಕೊಂಡಿರುವ ದಾರಿಯಲ್ಲಿ ಈ ಇಕ್ಕಟ್ಟಾದ ಮೈ ಎಂಥ ವರವೆಂಬುದು ಬೇರೆ ಗಾಡಿಗಳನ್ನು ಅಲ್ಲಿ ನುಗ್ಗಿಸಿದಾಗ ತಿಳಿಯುತ್ತದೆ. ಭಾರದ ಗಾಡಿ ಹೂತುಕೊಳ್ಳುವ ಹುದುಲಿನ ಮೇಲೆ ಜಿಪ್ಸಿ ಹಗುರಾಗಿ ಹಾದುಹೋಗುತ್ತದೆ. ಉಬ್ಬಿನ ಬುಡದಲ್ಲಿ ಲೋ ರೇಂಜ್‌ಗೆ (ವೇಗ ತಗ್ಗಿಸಿ ಎಳೆತ ಹೆಚ್ಚಿಸುವ ಗೇರ್ ಜೋಡಣೆಗೆ) ಹಾಕಿ ಎರಡನೇ ಗೇರಿನಲ್ಲಿ ಬಿಟ್ಟೆ. ಚಕ್ರ ಒಮ್ಮೆಯೂ ಸುಮ್ಮನೆ ತಿರುಗಲಿಲ್ಲ, ನೇರ ಮೇಲೆ ಹೋಯಿತು.

ಮೂರು ದಿನ ಅದರಲ್ಲೇ ಕಚೇರಿಗೆ ಹೋದೆ. ಎಸಿ ಇಲ್ಲ, ಪವರ್ ಸ್ಟೇರಿಂಗ್ ಇಲ್ಲ, ನಾಲ್ಕೂ ಮೂಲೆಗೆ ಲೀಫ್ ಸ್ಪ್ರಿಂಗ್ ಕಮಾನು. ಎಪ್ಪತ್ತು ದಾಟಿದರೆ ಕ್ಯಾನ್ವಾಸಿನ ಪಟಪಟ ಸದ್ದಿನಲ್ಲಿ ಪಕ್ಕದವರ ಮಾತು ಕೇಳಿಸದು. ಸೇತುವೆಗಳ ಪ್ರತಿಯೊಂದು ಸಂದೂ ಬೆನ್ನಿಗೆ ಬಂದು ಮುಟ್ಟುತ್ತದೆ. ಮೂರನೆಯ ದಿನ ಸಂಜೆ ಕುರ್ಚಿಯಿಂದ ಏಳುವಾಗ ಸೊಂಟ ಹಿಡಿದುಕೊಂಡಿತು. ಮುಂಚಕ್ರಗಳನ್ನು ಎಂಜಿನ್ನಿನ ಎಳೆತಕ್ಕೆ ಜೋಡಿಸಲು, ಬಿಡಿಸಲು ಕೈಯಿಂದ ತಿರುಗಿಸುವ ಹಬ್‌ಗಳನ್ನು ಮಾಲೀಕರು ಹಾಕಿಸಿದ್ದರು. ಅವು ಹೆದ್ದಾರಿಯಲ್ಲಿ ಒಳ್ಳೆಯವು, ತೋಟದ ದಾರಿಯ ತುದಿಯಲ್ಲಿ ಜಡಿಮಳೆಗೆ ಇಳಿದು ಎರಡೂ ಕಡೆ ತಿರುಗಿಸಲೇಬೇಕು. ವಾರಕ್ಕೊಮ್ಮೆ ಮಾತ್ರ ಓಡಿಸುವವರಿಗೆ, ಮನೆಯಲ್ಲಿ ಇನ್ನೊಂದು ಕಾರು ಇರುವವರಿಗೆ ಜಿಪ್ಸಿಗಿಂತ ಪ್ರೀತಿಯ ಗಾಡಿ ಇಲ್ಲ. ದಿನವೂ 75 ಕಿಲೋಮೀಟರ್ ಓಡಾಡುವ ನನ್ನಂಥವನಿಗೆ ಅದು ಆಗದು ಎಂದು ಬರೆಯುವಾಗ ನಿಜಕ್ಕೂ ಬೇಸರವಾಗುತ್ತದೆ.

ಥಾರ್ ಎಂದಾಗ ಹೇಳುತ್ತಿರುವುದು 2010ರಲ್ಲಿ ಬಂದ ಹಳೆಯ ಪೀಳಿಗೆಯ ಸಿಆರ್‌ಡಿಇ ಮಾದರಿಯ ಬಗ್ಗೆ. 2,498 ಸಿಸಿಯ ಡೀಸೆಲ್, 105 ಅಶ್ವಶಕ್ತಿ, 247 ನ್ಯೂಟನ್ ಮೀಟರ್ ಟಾರ್ಕ್. 2015ರ ಪರಿಷ್ಕರಣೆಯಲ್ಲಿ, ಎರಡು ಹಿಂಚಕ್ರಗಳಿಗೆ ಬಲ ಹಂಚುವ ಹಿಂದಿನ ಡಿಫರೆನ್ಷಿಯಲ್‌ಗೆ ತಾನಾಗಿಯೇ ಬಿಗಿದುಕೊಳ್ಳುವ ಲಾಕ್ ಬಂದಿತು. ಹಳೆಯ ಥಾರ್ ಹುಡುಕುವವರು ಆ ವರ್ಷದ ನಂತರದ್ದನ್ನೇ ನೋಡಬೇಕು. ನಮ್ಮ ಉಬ್ಬಿನ ನಡುವೆ ಟ್ರ್ಯಾಕ್ಟರ್ ಕೊರೆದ ಒಂದು ಕೊರಕಲಿದೆ. ಅಲ್ಲಿ ಒಂದು ಹಿಂಚಕ್ರ ಗಾಳಿಯಲ್ಲಿ ತೇಲಿ ತಿರುಗತೊಡಗಿತು. ಮರುಕ್ಷಣ ‘ಟಕ್’ ಎಂದು ಲಾಕ್ ಬಿಗಿದು ಗಾಡಿ ಹತ್ತಿತು. ಅಣ್ಣ ಮೂರು ಮೂಟೆ ಗೊಬ್ಬರ ಹೇರಿ ಮತ್ತೊಮ್ಮೆ ಹತ್ತಿಸಿದ, ಎಂಜಿನ್ನಿನ ದನಿಯೂ ಬದಲಾಗಲಿಲ್ಲ. ಎಳೆಯುವ ಬಲದಲ್ಲಿ ನಾಲ್ಕರಲ್ಲಿ ಇದೇ ಮೊದಲು, ಅನುಮಾನವಿಲ್ಲ.

ಎಸಿ ಮತ್ತು ಪವರ್ ಸ್ಟೇರಿಂಗ್ ಇರುವುದರಿಂದ, ಮುಂದಿನ ಸಸ್ಪೆನ್ಷನ್ ಬಿಡಿಬಿಡಿಯಾಗಿ ಕುಣಿಯುವುದರಿಂದ, ಹೆದ್ದಾರಿಯಲ್ಲಿಯೂ ಜಿಪ್ಸಿಗಿಂತ ಸಹ್ಯ. ಆದರೆ ಬಾಗಿಲು ಎರಡೇ. ಹಿಂದಿನವರು ಗಾಡಿಯ ಬೆನ್ನಿನಿಂದ ಹತ್ತಿ ಎದುರುಬದುರು ಬೆಂಚಿನಲ್ಲಿ ಕೂರಬೇಕು. ಘಟ್ಟದ ತಿರುವುಗಳಲ್ಲಿ ಪಕ್ಕಕ್ಕೆ ಮುಖ ಮಾಡಿ ಕೂತರೆ ಮಕ್ಕಳಿಗೆ ಹೊಟ್ಟೆ ತೊಳಸುತ್ತದೆ. ಆ ವರ್ಷದ ಗಾಡಿಯಲ್ಲಿ ಏರ್‌ಬ್ಯಾಗ್ ಇಲ್ಲ, ಬ್ರೇಕ್ ಒತ್ತಿದಾಗ ಚಕ್ರ ಕಟ್ಟಿಕೊಳ್ಳದಂತೆ ತಡೆಯುವ ಎಬಿಎಸ್ ಕೂಡ ಇಲ್ಲ. ಮಗಳನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ಲಾರಿಗಳ ನಡುವೆ ಹೋಗುವಾಗ ಈ ಕೊರತೆಯನ್ನು ಮರೆಯಲು ನನ್ನಿಂದ ಆಗಲಿಲ್ಲ. ಅಮ್ಮ ಮುಂದಿನ ಸೀಟಿಗೆ ಹತ್ತಲು ಅಣ್ಣ ಒಂದು ಮಣೆ ತಂದಿಟ್ಟ. ಅವಳು ಹತ್ತಿದಳು, ಆದರೆ ಇಳಿಯುವಾಗ ಹತ್ತುವಾಗಿನದಕ್ಕಿಂತ ಹೆಚ್ಚು ಹೆದರಿದಳು.

2020ರ ಅಕ್ಟೋಬರ್‌ನಲ್ಲಿ ಬಂದ ಹೊಸ ಥಾರ್ ಇದಕ್ಕಿಂತ ಎಷ್ಟೋ ಮೇಲು. ಅಪಘಾತದ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ನಾಲ್ಕು ನಕ್ಷತ್ರ ಪಡೆದದ್ದು. ಒಳ್ಳೆಯ ಸ್ಥಿತಿಯದು ನನ್ನ ಹಣಕ್ಕೆ ಸಿಗಲಿಲ್ಲ. ಕಡಿಮೆ ಬೆಲೆಗೆ ಸಿಕ್ಕರೆ ಒಂದನ್ನು ನೋಡಿಕೊಳ್ಳಿ: 2023ರ ಜನವರಿಯಿಂದ ಹಿಂಚಕ್ರ ಮಾತ್ರ ಎಳೆಯುವ ಥಾರ್ ಕೂಡ ಮಾರಾಟಕ್ಕೆ ಬಂದಿದೆ. ಗೇರ್ ಪಕ್ಕದಲ್ಲಿ ಎರಡನೆಯ ಲಿವರ್ ಇದೆಯೇ ಎಂದು ಕಣ್ಣಾರೆ ಕಾಣದೆ ಮುಂಗಡ ಕೊಡಬೇಡಿ.

ಡಸ್ಟರ್ ಹತ್ತಿದ ಕೂಡಲೇ ಅಮ್ಮ, “ಇದೇ ಸಾಕಲ್ಲವೇ?” ಎಂದಳು. ನನಗೂ ಹಾಗೆಯೇ ಅನಿಸಿತ್ತು. ನಾಲ್ಕು ಬಾಗಿಲು, ಐದು ಸೀಟು, ಸಾಮಾನಿಗೆ ವಿಶಾಲವಾದ ಡಿಕ್ಕಿ, 210 ಮಿಲಿಮೀಟರ್ ನೆಲದೆತ್ತರ, ಗುಂಡಿಗಳನ್ನು ನುಂಗಿಬಿಡುವ ಸಸ್ಪೆನ್ಷನ್. 110 ಅಶ್ವಶಕ್ತಿಯ 1.5 ಲೀಟರ್ ಡೀಸೆಲ್, ಆರು ಗೇರು. ಹೆದ್ದಾರಿಯಲ್ಲಿ ಉಳಿದ ಮೂರೂ ಇದರ ಹತ್ತಿರ ಬರುವುದಿಲ್ಲ. ನಾಬ್ ತಿರುಗಿಸಿದರೆ ನಾಲ್ಕೂ ಚಕ್ರಗಳಿಗೆ ಎಳೆತ. ಮೊದಲ ಗೇರು ಬೇಕೆಂದೇ ತುಂಬ ನಿಧಾನದ್ದು, ಹಾಗಾಗಿ ಉಬ್ಬನ್ನೂ ಹತ್ತಿತು.

ಕಷ್ಟವಾದದ್ದು ಇಳಿಯುವಾಗ. ಡಸ್ಟರ್‌ಗೆ ಲೋ ರೇಂಜ್ ಇಲ್ಲ. ಒದ್ದೆ ಕೆಮ್ಮಣ್ಣಿನ ಇಳಿಜಾರಿನಲ್ಲಿ ಎಂಜಿನ್ನಿನ ಹಿಡಿತ ಸಾಲದೆ ಬ್ರೇಕ್ ಒತ್ತಬೇಕಾಯಿತು. ಒತ್ತಿದ ಕೂಡಲೇ ಗಾಡಿ ಅಡ್ಡ ಸರಿದು ಬೇಲಿಯ ಕಡೆಗೆ ಎರಡು ಮಾರು ಜಾರಿ ನಿಂತಿತು. ನ್ಯಾಯವಾಗಿ ಹೇಳಬೇಕೆಂದರೆ ಆ ಜಾರಿಕೆಯ ಹೆಚ್ಚಿನ ಪಾಲು ಟೈರುಗಳದು. ಕೆಳಗಿಳಿದು ನೋಡಿದರೆ ಟೈರಿನ ಬದಿಯಲ್ಲಿ 1418 ಎಂದು ಅಚ್ಚಾಗಿತ್ತು, ಅಂದರೆ 2018ರ ಹದಿನಾಲ್ಕನೇ ವಾರದಲ್ಲಿ ತಯಾರಾದವು. ಹಲ್ಲು ಉಳಿದಿದ್ದರೂ ರಬ್ಬರ್ ಗಟ್ಟಿಯಾಗಿ ಹೋಗಿತ್ತು. ಒಳ್ಳೆಯ ಟೈರ್ ಹಾಕಿಸಿದ್ದರೆ ಪರಿಸ್ಥಿತಿ ಬೇರೆ ಇರುತ್ತಿತ್ತು. ಆದರೂ ಆ ದಿನದ ನಂತರ ನನಗೆ ಒಂದು ಸ್ಪಷ್ಟವಾಯಿತು: ನಮ್ಮ ದಾರಿಯಲ್ಲಿ ಹತ್ತುವ ಶಕ್ತಿಗಿಂತ ಬ್ರೇಕ್ ಮುಟ್ಟದೆ ಇಳಿಯುವ ಶಕ್ತಿ ಮುಖ್ಯ. ಲೋ ರೇಂಜ್ ಇದ್ದರೆ ಗಾಡಿ ಮನುಷ್ಯ ನಡೆಯುವ ವೇಗದಲ್ಲಿ ತಾನೇ ಇಳಿಯುತ್ತದೆ, ಚಕ್ರ ಕಟ್ಟಿಕೊಳ್ಳುವುದಿಲ್ಲ. ಕಡಿದಾದ ಇಳಿಜಾರಿಲ್ಲದ, ಬರೀ ಕೆಸರಿನ ದಾರಿಯಾಗಿದ್ದರೆ ನಾನು ಕಣ್ಣುಮುಚ್ಚಿ ಡಸ್ಟರ್ ಕೊಳ್ಳುತ್ತಿದ್ದೆ. ಐದು ಲಕ್ಷದೊಳಗೆ ಇಷ್ಟು ಕೊಡುವ ಗಾಡಿ ಇನ್ನೊಂದಿಲ್ಲ. ಆ ಪೀಳಿಗೆಯ ಉತ್ಪಾದನೆ 2022ರಲ್ಲಿ ನಿಂತಿರುವುದರಿಂದ, ಎಡಬ್ಲ್ಯುಡಿಗೆ ಮಾತ್ರ ಸೇರಿದ ಬಿಡಿಭಾಗಗಳು ನಿಮ್ಮ ಊರಿನಲ್ಲಿ ಸಿಗುತ್ತವೆಯೇ ಎಂದು ಕೊಳ್ಳುವ ಮುಂಚೆಯೇ ವಿಚಾರಿಸಿ.

ಜಿಮ್ನಿ 2023ರ ಜೂನ್‌ನಲ್ಲಿ ಬಂದದ್ದು. ಐದು ಬಾಗಿಲಿನದು, ನಾಲ್ಕೇ ಸೀಟು. ಮನೆಯಲ್ಲಿ ನಾವು ನಾಲ್ವರೇ. ಕೊಳ್ಳುವವರಿಗೆ ದೊಡ್ಡ ನೆಮ್ಮದಿ ಎಂದರೆ ಇಲ್ಲಿ ಮಾರಾಟವಾದ ಪ್ರತಿಯೊಂದು ಜಿಮ್ನಿಗೂ ಲೋ ರೇಂಜ್ ಸಹಿತ ಫೋರ್ ಬೈ ಫೋರ್ ಇದೆ, ಆರು ಏರ್‌ಬ್ಯಾಗ್‌ಗಳಿವೆ. 1,462 ಸಿಸಿಯ ಪೆಟ್ರೋಲ್, 134 ನ್ಯೂಟನ್ ಮೀಟರ್ ಟಾರ್ಕ್. ಥಾರ್ ಓಡಿಸಿ ಇದಕ್ಕೆ ಬಂದವರಿಗೆ ಮೊದಮೊದಲು ಸಪ್ಪೆ ಎನಿಸುತ್ತದೆ. ಹೆದ್ದಾರಿಯಲ್ಲಿ ಲಾರಿ ದಾಟಲು ಒಂದು ಗೇರ್ ಇಳಿಸಬೇಕು. ಡಿಕ್ಕಿ 208 ಲೀಟರ್ ಮಾತ್ರ, ಎರಡು ಚೀಲ ಇಟ್ಟರೆ ತುಂಬಿತು. ತೋಟದಿಂದ ಬರುವಾಗ ಅತ್ತಿಗೆ ಕೊಡುವ ಬಾಳೆಗೊನೆಯನ್ನು ಕಾಲಬುಡದಲ್ಲಿ ಇಟ್ಟುಕೊಂಡೇ ಬರಬೇಕು.

ಮಣ್ಣಿನ ದಾರಿಗೆ ಇಳಿದ ಮೇಲೆ ಇದು ಜಿಪ್ಸಿಯ ವಂಶದ್ದೆಂದು ಗುರುತು ಸಿಗುತ್ತದೆ. ಅದೇ ಏಣಿಯಂಥ ಚಾಸಿ, ಹಿಂದೆ ಮುಂದೆ ಇಡೀ ಆಕ್ಸಲ್, ಸುಮಾರು 1,200 ಕಿಲೋ ತೂಕ, 1,645 ಮಿಲಿಮೀಟರ್ ಅಗಲ. ಕಮಾನಿನ ಜಾಗದಲ್ಲಿ ಕಾಯಿಲ್ ಸ್ಪ್ರಿಂಗ್ ಬಂದಿರುವುದೇ ದೊಡ್ಡ ವ್ಯತ್ಯಾಸ. ಕೊರಕಲಿನಲ್ಲಿ ಚಕ್ರ ಎದ್ದಾಗ, ಸುಮ್ಮನೆ ತಿರುಗುವ ಚಕ್ರಕ್ಕೆ ತಾನೇ ಬ್ರೇಕ್ ಹಾಕಿ ಇನ್ನೊಂದಕ್ಕೆ ಬಲ ಕೊಡುವ ವ್ಯವಸ್ಥೆ ಇದೆ. ಥಾರ್ ಲಾಕಿನಷ್ಟು ಚುರುಕಲ್ಲ, ಆಕ್ಸಿಲರೇಟರನ್ನು ಧೈರ್ಯವಾಗಿ ಒತ್ತಿ ಹಿಡಿಯಬೇಕು, ಆಗ ಹತ್ತುತ್ತದೆ. ಇಳಿಯುವಾಗ ಲೋ ರೇಂಜ್‌ನಲ್ಲಿ ಮೊದಲ ಗೇರಿಗೆ ಹಾಕಿ ಎರಡೂ ಪಾದ ನೆಲದ ಮೇಲಿಟ್ಟೆ. ಡಸ್ಟರ್ ಜಾರಿದ ಅದೇ ಜಾಗವನ್ನು ಅದು ಗೆರೆ ಎಳೆದಂತೆ ದಾಟಿತು.

ಖರ್ಚಿನ ಲೆಕ್ಕ ಬೇಗ ಹೇಳುತ್ತೇನೆ. ತಿಂಗಳಿಗೆ ಕಚೇರಿಯ ಓಡಾಟವೇ 1,800 ಕಿಲೋಮೀಟರ್. ನನ್ನ ಕೈಯಲ್ಲಿ ಲೀಟರಿಗೆ ಜಿಪ್ಸಿ ಹತ್ತೂವರೆ, ಥಾರ್ ಹನ್ನೆರಡು, ಡಸ್ಟರ್ ಹದಿನಾರು, ಜಿಮ್ನಿ ಹದಿನಾಲ್ಕೂವರೆ ಕಿಲೋಮೀಟರ್ ಕೊಟ್ಟವು. ಆಗಿನ ಬೆಲೆ ಪೆಟ್ರೋಲ್ 103, ಡೀಸೆಲ್ 91 ರೂಪಾಯಿಯಂತೆ ಜಿಪ್ಸಿಗೆ ಸುಮಾರು 17,700, ಥಾರ್‌ಗೆ 13,700, ಡಸ್ಟರ್‌ಗೆ 10,200, ಜಿಮ್ನಿಗೆ 12,800. ಜಿಪ್ಸಿ ಕೊಳ್ಳುವಾಗ ಉಳಿಸಿದ ಹಣ ಬಂಕಿನಲ್ಲಿ ಕರಗುತ್ತದೆ. ಜೊತೆಗೆ ಅದು ಶೇಕಡಾ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್ ಬರುವ ಮುಂಚಿನ ಕಾಲದ್ದು, ಇಂಧನದ ರಬ್ಬರ್ ಪೈಪುಗಳನ್ನು ಬದಲಿಸಿಯೇ ಓಡಿಸುವುದು ಕ್ಷೇಮ.

ಯಾವುದನ್ನೇ ಕೊಂಡರೂ ಗಾಡಿಯ ಹೊಟ್ಟೆಯನ್ನು ನೋಡದೆ ಕೊಳ್ಳಬಾರದು. ಗ್ಯಾರೇಜಿನಲ್ಲಿ ಮೇಲೆತ್ತಿಸಿ ಟಾರ್ಚ್ ಹಿಡಿದು ಚಾಸಿಯ ಒಳಬದಿಯನ್ನು ಬೆರಳಿನಿಂದ ತಟ್ಟಿ. ತೋಟದ ಗಾಡಿಗಳ ಮೇಲೆ ಹೊಳೆಯುವ ಬಣ್ಣವಿದ್ದರೂ ಕೆಸರು ಕೂತ ಮೂಲೆಗಳಲ್ಲಿ ತುಕ್ಕು ತಿಂದಿರುತ್ತದೆ. ನಾನು ಮೊದಲು ಮೆಚ್ಚಿದ ಒಂದು ಗಾಡಿಯ ಚಾಸಿಗೆ ಹಳೆಯ ಮಾಲೀಕರೊಬ್ಬರು ತಗಡು ಬೆಸೆದು ಕಪ್ಪು ಬಣ್ಣ ಬಳಿಸಿದ್ದರು, ಇಣುಕಿ ನೋಡಿರದಿದ್ದರೆ ಹಣ ಕೊಟ್ಟೇ ಬಿಡುತ್ತಿದ್ದೆ. ಡಿಫರೆನ್ಷಿಯಲ್ ಆಯಿಲ್ ಸ್ವಲ್ಪ ಇಳಿಸಿ ನೋಡಿ. ಹಾಲು ಬೆರೆಸಿದಂತಿದ್ದರೆ ಒಳಗೆ ನೀರು ಹೋಗಿದೆ. ಜಿಪ್ಸಿ, ಜಿಮ್ನಿಗಳಲ್ಲಿ ಎಪ್ಪತ್ತರ ವೇಗದಲ್ಲಿ ಸ್ಟೇರಿಂಗ್ ನಡುಗಿದರೆ ಮುಂಚಕ್ರ ಎಡಬಲಕ್ಕೆ ಹೊರಳಲು ಆಧಾರವಾದ ಕಿಂಗ್‌ಪಿನ್ ಬೇರಿಂಗ್ ಪರೀಕ್ಷಿಸಿ. ಫೋರ್ ವೀಲ್ ಲಿವರನ್ನು ಮಣ್ಣಿನ ಮೇಲೆಯೇ ಹಾಕಿ ನೋಡಿ, ಒಣ ಟಾರಿನ ಮೇಲೆ ಹಾಕಿ ತಿರುಗಿಸಿದರೆ ಒಳಗಿನ ಗೇರುಗಳಿಗೇ ಪೆಟ್ಟು.

ಕಾಗದಪತ್ರಗಳಲ್ಲಿ ಮಾರ್ಪಾಡಿನ ವಿಷಯ ಮುಖ್ಯ. ಮೇಲ್ಛಾವಣಿ ಬದಲಿಸಿದ, ಎಂಜಿನ್ ಬದಲಿಸಿದ ಗಾಡಿಯ ವಿವರ ಆರ್‌ಸಿಗೆ ಹೊಂದದಿದ್ದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತೊಂದರೆ ನಿಮ್ಮ ಹೆಗಲಿಗೆ. ದೆಹಲಿಯಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ಗಾಡಿಗಳಿಗೆ ನಿರ್ಬಂಧ ಬಂದಾಗಿನಿಂದ ಅಲ್ಲಿನವು ಅಗ್ಗವಾಗಿ ಇಲ್ಲಿಗೆ ಬರುತ್ತಿವೆ. ಅಲ್ಲಿನ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಇಲ್ಲಿ ಕಟ್ಟಬೇಕಾದ ಆಜೀವ ತೆರಿಗೆ ಎರಡನ್ನೂ ಸೇರಿಸಿದ ಮೇಲೆ ಅಗ್ಗ ಉಳಿಯುತ್ತದೆಯೇ ಎಂದು ಲೆಕ್ಕ ಹಾಕಿ.

ಇನ್ನೊಂದು ಮಾತು ಹೇಳದೆ ಇರಲಾರೆ. ಫೋರ್ ಬೈ ಫೋರ್ ಕೈಗೆ ಬಂದ ಕೂಡಲೇ ಬಿಸಿಲೆ ಕಡೆಯ ಹುಲ್ಲುಗುಡ್ಡಗಳ ಮೇಲೆ, ಹಳ್ಳದ ಪಾತ್ರದೊಳಗೆ ಚಕ್ರ ಇಳಿಸುವವರನ್ನು ಕಂಡಿದ್ದೇನೆ. ಒಂದು ಮಳೆಗೆ ಆ ಚಕ್ರದ ಗುರುತೇ ಕೊರಕಲಾಗುತ್ತದೆ. ದಾರಿ ಇರುವಲ್ಲಿ ಮಾತ್ರ ಓಡಿಸೋಣ.

ಕೊನೆಗೆ ಕೊಂಡದ್ದು ಜಿಮ್ನಿಯನ್ನು. 24,000 ಕಿಲೋಮೀಟರ್ ಓಡಿದ್ದು, 10 ಲಕ್ಷದ 40 ಸಾವಿರ. ಥಾರ್ ಬಿಟ್ಟುಕೊಡಲು ಅಣ್ಣನಿಗೆ ಮನಸ್ಸಾಗಲಿಲ್ಲ. ಗೊಬ್ಬರ, ಮೆಣಸಿನ ಮೂಟೆ ಹೊರಲು ಅದೇ ಸರಿ ಎಂದು ಗೆಳೆಯನಿಂದ ಅವನೇ ಕೊಂಡುಕೊಂಡ. ಅಮ್ಮ ಈಗ ಜಿಮ್ನಿಯ ಹಿಡಿಕೆ ಹಿಡಿದು, ಮಣೆ ಇಲ್ಲದೆ, ನಿಧಾನವಾಗಿ ಹತ್ತುತ್ತಾಳೆ. ಟೈರುಗಳು ಗಾಡಿಯ ಜೊತೆಗೆ ಬಂದ ಹಳೆಯವೇ. ಮುಂದಿನ ಮುಂಗಾರಿಗೆ ಮುಂಚೆ ಮಣ್ಣಿಗೂ ಟಾರಿಗೂ ಒಗ್ಗುವ ಆಲ್ ಟೆರೇನ್ ಟೈರು ಹಾಕಿಸಬೇಕು. ಅಷ್ಟರೊಳಗೆ ಉಬ್ಬಿನ ಆ ಕೊರಕಲಿಗೆ ಕಲ್ಲು ತುಂಬಿಸುತ್ತೇನೆ ಎಂದು ಅಣ್ಣ ಹೇಳಿದ್ದಾನೆ.