ಕೊರಿಯರಿನಲ್ಲಿ ಬಂದ ಕೂಸಾ ಡಾಗ್‌ವುಡ್: ಎರಡು ವರ್ಷಗಳ ಬಳಿಕ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪ ಅಡಕೆ ತೋಟವಿರುವ ನಾನು, ಆನ್‌ಲೈನಿನಲ್ಲಿ ಗಿಡ ಮಾರುವ ನರ್ಸರಿಯೊಂದರಿಂದ ಎರಡು ವರ್ಷಗಳ ಹಿಂದೆ ಕೂಸಾ ಡಾಗ್‌ವುಡ್ ಎಂಬ ಬಿಳಿ ಹೂವಿನ ಅಲಂಕಾರದ ಮರದ ಎರಡು ಸಸಿಗಳನ್ನು ತರಿಸಿಕೊಂಡಿದ್ದೆ. ಹವ್ಯಕ ಭಾಷೆಯಲ್ಲಿ ಕೂಸು ಎಂದರೆ ಹುಡುಗಿ. ಹಾಗಾಗಿ ಮನೆಯಲ್ಲಿ ಅವಕ್ಕೆ ಬೇರೆ ಹೆಸರು ಹುಡುಕುವ ಅಗತ್ಯವೇ ಬೀಳಲಿಲ್ಲ.

ಸಸಿಗಳು ಬಂದ ರೀತಿಗೆ ಪೂರ್ಣ ಅಂಕ ಕೊಡಬೇಕು. ತೆಂಗಿನ ನಾರಿನ ಪುಡಿ ತುಂಬಿದ ತೊಟ್ಟೆಯಲ್ಲಿ ಬೇರುಗಳ ಪಸೆ ಆರಿರಲಿಲ್ಲ, ಒಂದು ಚಿಗುರೂ ಮುರಿದಿರಲಿಲ್ಲ. ತಳಿಯಲ್ಲಿ ಮೋಸವಾಗಿರಬಹುದೆಂಬ ನನ್ನ ಅನುಮಾನವೂ ಸುಳ್ಳಾಯಿತು. ಡಾಗ್‌ವುಡ್‌ನ ಎಲೆಗಳು ಎದುರುಬದುರಾಗಿ ಜೋಡಿಯಾಗಿರುತ್ತವೆ, ನರಗಳು ಅಂಚಿನ ಗುಂಟ ತುದಿಯತ್ತ ಬಾಗುತ್ತವೆ. ಎಲೆಯನ್ನು ಅಡ್ಡಲಾಗಿ ಮೆಲ್ಲನೆ ಹರಿದರೆ ಎರಡೂ ತುಂಡುಗಳು ಜೇಡನ ಬಲೆಯಂತಹ ಬಿಳಿ ಎಳೆಗಳಿಂದ ಒಂದಕ್ಕೊಂದು ತೂಗುತ್ತವೆ. ನಾನು ಹರಿದ ಎಲೆಯೂ ತೂಗಿತು.

ನನ್ನ ತಕರಾರು ಇರುವುದು ಚೀಟಿಯ ಮೇಲೆ ಅಚ್ಚಾಗಿದ್ದ ‘ಎಲ್ಲ ಹವೆಗೂ ಒಗ್ಗುತ್ತದೆ’ ಎಂಬ ಮಾತಿನ ಬಗ್ಗೆ. ಜಪಾನ್, ಕೊರಿಯಾ ಮತ್ತು ಚೀನಾ ಮೂಲದ ಈ ಸಣ್ಣ ಮರ ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯನ್ನೂ ತಾಳಿಕೊಳ್ಳುತ್ತದೆ. ತಾಳಿಕೊಳ್ಳುವುದಷ್ಟೇ ಅಲ್ಲ, ಚಳಿ ಅದಕ್ಕೆ ಬೇಕೇ ಬೇಕು. ಎಲೆ ಉದುರಿಸಿ ಕೆಲವು ತಿಂಗಳು ನಿದ್ರಿಸಿದ ಮೇಲೆಯೇ ಅದು ಸರಿಯಾಗಿ ಚಿಗುರಿ ಹೂ ಬಿಡುವುದು. ಹೂವೆಂದು ನಾವು ಮೆಚ್ಚುವ ಆ ನಾಲ್ಕು ಚೂಪು ಬಿಳಿ ಎಸಳುಗಳು ನಿಜಕ್ಕೂ ಮಾರ್ಪಟ್ಟ ಎಲೆಗಳು; ನಡುವಿನ ಹಸಿರು ಗುಂಡಿಯಲ್ಲಿ ಒತ್ತಾಗಿರುವ ಪುಟ್ಟ ಹೂಗಳೇ ಮುಂದೆ ತಿನ್ನಬಹುದಾದ ಕೆಂಪು ಹಣ್ಣಾಗುತ್ತವೆ. ಧನುರ್ಮಾಸದ ಬೆಳಗಿನ ಜಾವದಲ್ಲೂ 20 ಡಿಗ್ರಿಯ ಆಸುಪಾಸಿನಲ್ಲೇ ಇರುವ ನಮ್ಮೂರಿನಲ್ಲಿ ಇದಕ್ಕೆ ನಿದ್ರೆ ಬರುವುದಾದರೂ ಹೇಗೆ?

ಮಣ್ಣು ಮಾತ್ರ ಒಗ್ಗುತ್ತಿತ್ತು ಎಂಬುದೇ ನನಗೆ ಕುತೂಹಲದ ಸಂಗತಿ. ಡಾಗ್‌ವುಡ್ ಬಯಸುವುದು ಹುಳಿ ಗುಣದ, ನೀರು ನಿಲ್ಲದ ಮಣ್ಣನ್ನು. ನಮ್ಮ ಮುರಕಲ್ಲಿನ ಗುಡ್ಡದ ಮಣ್ಣು ಹುಳಿಯೇ. ಆದರೆ ಇದರ ಬೇರು ಆಳಕ್ಕೆ ಇಳಿಯುವುದಿಲ್ಲ. 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವಲ್ಲಿ ತಗ್ಗಿನಲ್ಲಿ ನೆಟ್ಟರೆ ಬೇರು ಕೊಳೆಯುತ್ತದೆಂದು ದಿಣ್ಣೆ ಮಾಡಿ, ಹಲಸಿನ ಮರದ ಅರೆನೆರಳಿನಲ್ಲಿ ನೆಟ್ಟು, ಬುಡಕ್ಕೆ ತರಗೆಲೆ ಹೊದೆಸಿದೆ. ಮಳೆಗಾಲವನ್ನು ಎರಡೂ ದಾಟಿದವು. ಏಪ್ರಿಲಿನಲ್ಲಿ ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಾವಿ) ನೀರು ಸಣ್ಣದಾದಾಗ ಎಲೆಯಂಚುಗಳು ಸುಟ್ಟು ಕಂದಾದವು, ಒಂದು ಸಸಿ ಸತ್ತಿತು. ಉಳಿದದ್ದು ಇಂದಿಗೂ ಮೊಣಕಾಲೆತ್ತರವಿದೆ. ಬೀಜದ ಸಸಿ ಹೂ ಬಿಡಲು ಚಳಿಯ ನಾಡಿನಲ್ಲೂ ಹಲವು ವರ್ಷ ಬೇಕಾದ್ದರಿಂದ, ಹೂವಿಲ್ಲದ್ದಕ್ಕೆ ನರ್ಸರಿಯನ್ನು ನಾನು ದೂರುವುದಿಲ್ಲ.

ದೂರು ಬರೆದಾಗ ಅವರು ಮರುದಿನವೇ ಇನ್ನೊಂದು ಸಸಿ ಕಳುಹಿಸುತ್ತೇವೆಂದರು. ಸಸಿ ಬೇಡ, ಚೀಟಿಯನ್ನು ತಿದ್ದಿ ಎಂದು ಕೇಳಿದೆ. ಮಾರಾಟದ ಪುಟದಲ್ಲಿ ಆ ಸಾಲು ಈಗಲೂ ಹಾಗೆಯೇ ಇದೆ. ಆದ್ದರಿಂದ ಐದರಲ್ಲಿ ಎರಡು ನಕ್ಷತ್ರ, ಅವೆರಡೂ ಪ್ಯಾಕಿಂಗಿಗೆ ಮತ್ತು ತಳಿಯ ಪ್ರಾಮಾಣಿಕತೆಗೆ. ಊಟಿಯಂತಹ ಎತ್ತರದ ಊರಿನವರು ಬೇಕಿದ್ದರೆ ಪ್ರಯತ್ನಿಸಬಹುದು.

ಡಾಗ್‌ವುಡ್‌ನ ಕುಟುಂಬದ್ದೇ ಗಿಡ ಬೇಕೆನ್ನುವ ಕರಾವಳಿಯವರಿಗೆ ಅಂಕೋಲೆ ಇದೆ. ಇಂದಿನ ವರ್ಗೀಕರಣದಲ್ಲಿ ಅದೂ ಕಾರ್ನೇಸಿ ಕುಟುಂಬಕ್ಕೇ ಸೇರುತ್ತದೆ. ಬೇಸಿಗೆಯ ಮೊದಲಲ್ಲಿ ಎಲೆ ಕಳಚಿದ ಕೊಂಬೆಗಳ ತುಂಬ ಪರಿಮಳದ ಬಿಳಿ ಹೂ ಬಿಡುವ ಈ ಮುಳ್ಳಿನ ಗಿಡಕ್ಕೆ ಒಣಭೂಮಿಯೂ ಆಗುತ್ತದೆ. ಉದುರಿದ ಬೀಜ ತಾಯಿಮರಕ್ಕೆ ಮರಳಿ ಅಂಟಿಕೊಳ್ಳುತ್ತದೆ ಎಂಬ ಹಳೆಯ ನಂಬಿಕೆಯೂ ಇದರ ಮೇಲಿದೆ. ಸತ್ತ ಕೂಸಾದ ಗುಂಡಿಯಲ್ಲಿ ಕಳೆದ ಜೂನಿನಲ್ಲಿ ನೆಟ್ಟ ಅಂಕೋಲೆ ಈ ಬೇಸಿಗೆಯಲ್ಲಿ ನೀರು ಕೇಳಿದ್ದು ನಾಲ್ಕೇ ಸಲ.