ಒಡೆಯನ ನಂತರದ ಆಲ್ಬಂಗಳು: ಒಂದು ಸಂಗ್ರಹ ಹಸ್ತಾಂತರ ಸೇವೆಯ ಪರಿಶೀಲನೆ

ಸಂಗ್ರಾಹಕ ಬದುಕಿರುವಾಗಲೇ ಅವನ ಸಂಗ್ರಹವನ್ನು ಪಟ್ಟಿ ಮಾಡಿ, ಬೆಲೆ ಕಟ್ಟಿ, ಅವನ ಕಾಲಾನಂತರ ಯಾವುದು ಎಲ್ಲಿಗೆ ಹೋಗಬೇಕೆಂಬುದನ್ನು ಬರೆದಿಟ್ಟು, ವಾರಸುದಾರರಿಗಾಗಿ ಒಂದು ಕಡತವನ್ನು ಸಿದ್ಧಪಡಿಸಿಕೊಡುವ ಸೇವೆಯೊಂದನ್ನು ನಾನು ಕಳೆದ ವರ್ಷ ಪಡೆದುಕೊಂಡೆ. ಸಂಸ್ಥೆಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಹರಾಜು ಸಂಸ್ಥೆಗಳು ನಡೆಸುವ ಇಂಥ ಸೇವೆಗಳ ಸ್ವರೂಪ ಹೆಚ್ಚುಕಡಿಮೆ ಒಂದೇ ಬಗೆಯದಾದ್ದರಿಂದ, ಒಂದರ ಬಗ್ಗೆ ಹೇಳಿದ್ದು ಉಳಿದವನ್ನು ಅಳೆಯುವುದಕ್ಕೂ ಒದಗೀತು. ನನ್ನದು ಅಂಚೆಚೀಟಿಗಳ ಸಂಗ್ರಹ: 31 ಆಲ್ಬಂ, 9 ಸ್ಟಾಕ್‌ಬುಕ್ (ಚೀಟಿಗಳನ್ನು ಅಂಟಿಸದೆ ಸಿಕ್ಕಿಸಿಡುವ ಪುಸ್ತಕ), ಹಳೆಯ ಲಕೋಟೆಗಳು ತುಂಬಿದ 4 ಪೆಟ್ಟಿಗೆ.

ಈ ಸೇವೆಯ ಬಾಗಿಲು ತಟ್ಟುವುದಕ್ಕೆ ಕಾರಣವಾದದ್ದು ಸಂಗ್ರಾಹಕ ಮಿತ್ರರೊಬ್ಬರ ಸಾವು. ಅವರ ಮನೆಯವರು ನನ್ನನ್ನು ಕರೆಸಿಕೊಳ್ಳುವ ಹೊತ್ತಿಗೆ, ಎಲ್ಲವನ್ನೂ ಓರಣವಾಗಿಡಬೇಕೆಂಬ ಒಳ್ಳೆಯ ಉದ್ದೇಶದಿಂದಲೇ, ಲಕೋಟೆಗಳ ಮೇಲಿದ್ದ ಚೀಟಿಗಳನ್ನು ಕತ್ತರಿಯಿಂದ ಕತ್ತರಿಸಿ ತೆಗೆದು ಲಕೋಟೆಗಳನ್ನು ಎಸೆದಿದ್ದರು. ಯಾವ ಊರಿನಿಂದ ಯಾವ ಊರಿಗೆ, ಯಾವ ದಾರಿಯಲ್ಲಿ, ಯಾವ ದಿನ ಆ ಪತ್ರ ಸಾಗಿತ್ತೆಂಬುದನ್ನು ಹೇಳುವುದು ಲಕೋಟೆಯ ಮೇಲಿನ ಮುದ್ರೆಗಳು. ಎಷ್ಟೋ ವೇಳೆ ಚೀಟಿಗಿಂತ ಹಲವು ಪಟ್ಟು ಹೆಚ್ಚಿನ ಬೆಲೆ ಆ ಇಡೀ ಲಕೋಟೆಗೆ ಇರುತ್ತದೆ. ಒಂದು ಅಪರೂಪದ ಚೀಟಿಯ ಸಾಚಾತನವನ್ನು ದೃಢಪಡಿಸುವ ತಜ್ಞರ ಪ್ರಮಾಣಪತ್ರ ಬೇರೆಲ್ಲೋ ಸೇರಿಹೋಗಿತ್ತು. ಪ್ರಮಾಣಪತ್ರವಿಲ್ಲದ ಅಂಥ ಚೀಟಿಯನ್ನು ಕೊಳ್ಳುವವರು ಅನುಮಾನದ ಬೆಲೆಯನ್ನಷ್ಟೇ ಕೊಡುತ್ತಾರೆ. ಬಳಸದ ಕೆಲವು ಚೀಟಿಗಳನ್ನು ನೀರಿನಲ್ಲಿ ನೆನೆಸಿ, ಅವುಗಳ ಬೆಲೆಯನ್ನು ಕಾಯುವ ಹಿಂಬದಿಯ ಮೂಲ ಅಂಟನ್ನು ತೊಳೆದುಬಿಟ್ಟಿದ್ದರು. ಅವರಲ್ಲಿ ಯಾರನ್ನೂ ನಾನು ದೂರಲಾರೆ. ನಾಲ್ಕು ದಶಕ ಅವರೊಡನೆ ಒಂದೇ ಮನೆಯಲ್ಲಿದ್ದ ಮಿತ್ರರು ಇದನ್ನು ಒಂದು ಹಾಳೆಯಲ್ಲಾದರೂ ಬರೆದಿಡಲಿಲ್ಲ, ಅಷ್ಟೇ.

ಸೇವೆಯ ಮೊದಲ ಹಂತ ಸಂದರ್ಶನ. ನನ್ನ ಅಭಿಪ್ರಾಯದಲ್ಲಿ ಇಡೀ ಸೇವೆಯಲ್ಲಿ ಅತ್ಯುತ್ತಮವಾದದ್ದು ಇದೇ. ಮನೆಗೆ ಬಂದ ಪರಿಶೀಲಕಿ ಆಲ್ಬಂಗಳನ್ನು ಮುಟ್ಟುವುದಕ್ಕೂ ಮೊದಲು ಎರಡು ಗಂಟೆ ಕಾಲ ಪ್ರಶ್ನೆ ಕೇಳುತ್ತ ಕುಳಿತರು. ಇದರಲ್ಲಿ ಯಾವುದು ನಿಮ್ಮದಲ್ಲ, ಯಾರಿಂದಲಾದರೂ ನೋಡಲೆಂದು ತಂದು ಇಟ್ಟುಕೊಂಡದ್ದಿದೆಯೇ? ಯಾವುದನ್ನಾದರೂ ಯಾರಿಗಾದರೂ ಬಾಯಿಮಾತಿನಲ್ಲಿ ಕೊಡುತ್ತೇನೆಂದಿದ್ದೀರಾ? ಮನೆಯಲ್ಲಿ ಯಾರಿಗಾದರೂ ಇದರಲ್ಲಿ ನಿಜವಾದ ಆಸಕ್ತಿಯಿದೆಯೇ, ಅಥವಾ ಇದೆ ಎಂದು ನೀವು ನಂಬಿಕೊಂಡಿದ್ದೀರಾ? ಕೊನೆಯ ಪ್ರಶ್ನೆಗೆ ಉತ್ತರಿಸಲು ಮಗಳನ್ನು ಕರೆಯಬೇಕಾಯಿತು. ತನಗೆ ಎರಡು ಆಲ್ಬಂ ಸಾಕು, ಉಳಿದದ್ದರ ಹೊರೆ ಬೇಡ ಎಂದು ಅವಳು ಯಾವ ಸಂಕೋಚವೂ ಇಲ್ಲದೆ ಹೇಳಿದಳು. ನಾನಾಗಿ ಕೇಳಿದ್ದರೆ ನನ್ನ ಮನಸ್ಸಿಗೆ ನೋವಾದೀತೆಂದು ಅವಳು ಎಲ್ಲವೂ ಬೇಕು ಎಂದೇ ಹೇಳುತ್ತಿದ್ದಳು. ಹೊರಗಿನವರೊಬ್ಬರು ಕೇಳಿದ್ದರಿಂದ ನಿಜ ಹೊರಬಂತು.

ಆಮೇಲಿನದು ವಿಂಗಡಣೆ. ಬಿಡಿಬಿಡಿಯಾಗಿ ಮಾರಬೇಕಾದದ್ದು, ಒಟ್ಟಾಗಿಯೇ ಮಾರಬೇಕಾದದ್ದು, ಮಾರುವ ಶ್ರಮಕ್ಕೆ ಬಾಳದ್ದು ಎಂದು ಅವರು ಸಂಗ್ರಹವನ್ನು ಮೂರು ಪಾಲು ಮಾಡಿದರು. ನನ್ನ 31 ಆಲ್ಬಂಗಳಲ್ಲಿ 18 ಮೂರನೆಯ ಪಾಲಿಗೆ ಬಿದ್ದವು. ಸಂಗ್ರಾಹಕರಿಗೆ ಮಾರುವುದಕ್ಕೆಂದೇ ಅಪಾರ ಸಂಖ್ಯೆಯಲ್ಲಿ ಅಚ್ಚಾದ, ಎಷ್ಟೋ ಸಲ ಯಾವ ಪತ್ರದ ಮೇಲೂ ಕೂರದೆ ಅಚ್ಚುಕೂಟದಿಂದಲೇ ಮುದ್ರೆ ಒತ್ತಿಸಿಕೊಂಡು ಬಂದ ಚೀಟಿಗಳು ಅವುಗಳಲ್ಲಿದ್ದವು. ಅವುಗಳ ಬಣ್ಣ ನೋಡಿಯೇ ಬಾಲ್ಯದಲ್ಲಿ ಈ ಹವ್ಯಾಸಕ್ಕೆ ಬಿದ್ದವನು ನಾನು. ಆ ಸಂಜೆ ನನಗೆ ಪರಿಶೀಲಕಿಯ ಮೇಲೆ ಸಿಟ್ಟು ಬಂದದ್ದನ್ನು ಮುಚ್ಚಿಡುವುದಿಲ್ಲ. ಆದರೆ ವಾರಸುದಾರರ ಕಡೆಯಿಂದ ನೋಡಿದಾಗ ಕಡತದ ಅತ್ಯಂತ ಉಪಯುಕ್ತ ವಾಕ್ಯವೆಂದರೆ ‘ಈ 18 ಆಲ್ಬಂಗಳನ್ನು ಯಾವುದಾದರೂ ಶಾಲೆಯ ಸಂಗ್ರಾಹಕರ ಕೂಟಕ್ಕೆ ಕೊಟ್ಟುಬಿಡಬಹುದು, ಇದರಿಂದ ನಷ್ಟವಿಲ್ಲ’ ಎಂಬುದೇ. ಅಪ್ಪನ ಪ್ರಾಣದಂತಿದ್ದ ವಸ್ತುವನ್ನು ಕೊಟ್ಟೆವಲ್ಲಾ ಎಂಬ ಅಳುಕನ್ನು ಅಪ್ಪನ ಸಹಿಯಿರುವ ಒಂದು ವಾಕ್ಯವೇ ಕಳೆಯಬಲ್ಲದು.

ಬೆಲೆ ಕಟ್ಟುವ ಭಾಗದ ಬಗ್ಗೆ ನನಗೆ ಅಷ್ಟು ಮೆಚ್ಚುಗೆಯಿಲ್ಲ. ಸ್ಟಾನ್ಲಿ ಗಿಬ್ಬನ್ಸ್, ಸ್ಕಾಟ್, ಮಿಶೆಲ್ ಮೊದಲಾದ ಕ್ಯಾಟಲಾಗುಗಳಲ್ಲಿ ಅಚ್ಚಾಗಿರುವುದು ಒಳ್ಳೆಯ ಸ್ಥಿತಿಯಲ್ಲಿರುವ ಚೀಟಿಯೊಂದನ್ನು ಅಂಗಡಿಯಿಂದ ಕೊಳ್ಳುವವರು ತೆರಬೇಕಾದೀತೆನ್ನುವ ಬೆಲೆಯೇ ಹೊರತು, ಮನೆಯವರು ಮಾರಲು ಹೋದಾಗ ಕೈಗೆ ಬರುವ ಹಣವಲ್ಲ. ಎರಡನೆಯದು ಸಾಮಾನ್ಯವಾಗಿ ಮೊದಲನೆಯದರ ಒಂದು ಸಣ್ಣ ಪಾಲು ಮಾತ್ರ. ತೀರ ಸಾಮಾನ್ಯ ಚೀಟಿಗಳ ಮುಂದೆ ಕಾಣುವ ಕನಿಷ್ಠ ಬೆಲೆಯಂತೂ ವ್ಯಾಪಾರಿ ಅದನ್ನು ಹುಡುಕಿ ತೆಗೆದುಕೊಡುವ ಶ್ರಮದ ಲೆಕ್ಕ. ಕಡತದಲ್ಲಿ ಎರಡೂ ಅಂಕಿಗಳನ್ನು ಅಕ್ಕಪಕ್ಕದಲ್ಲಿ ಕೊಟ್ಟಿರುವುದು ಸರಿಯಾದ ಕ್ರಮವೇ. ಆದರೆ ಈ ಬೆಲೆ ಯಾವ ತಿಂಗಳಿನದು, ಎಷ್ಟು ಕಾಲ ನಂಬಬಹುದಾದದ್ದು ಎಂಬುದನ್ನು ಎಲ್ಲಿಯೂ ನಮೂದಿಸಿರಲಿಲ್ಲ. ನಾನು ಕೇಳಿದ ಮೇಲೆ ದಿನಾಂಕವನ್ನು ಕೈಬರಹದಲ್ಲಿ ಸೇರಿಸಿಕೊಟ್ಟರು.

ಇದಕ್ಕಿಂತ ಗಂಭೀರವಾದದ್ದು ಒಪ್ಪಂದದ ಏಳನೆಯ ಷರತ್ತು. ನನ್ನ ಮರಣಾನಂತರ ಸಂಗ್ರಹವನ್ನು ಮಾರುವುದಾದರೆ ಮೊದಲ ಅವಕಾಶವನ್ನು ಇದೇ ಸಂಸ್ಥೆಗೆ ಕೊಡತಕ್ಕದ್ದು ಎಂದು ಅದರಲ್ಲಿತ್ತು. ಬೆಲೆ ಕಟ್ಟುವವರೂ ಹರಾಜು ಹಾಕಿ ಕಮಿಷನ್ ಪಡೆಯುವವರೂ ಒಬ್ಬರೇ ಆದಾಗ, ಕೊಳ್ಳುವವರ ಹಿತ, ಮಾರುವವರ ಹಿತ, ತಮ್ಮ ಹಿತ ಈ ಮೂರರಲ್ಲಿ ಅವರು ಯಾವುದನ್ನು ಕಾಯುತ್ತಾರೆಂದು ಕೇಳುವ ಹಕ್ಕು ನಮಗಿದೆ. ಷರತ್ತನ್ನು ಹೊಡೆದುಹಾಕಿ ಸಹಿ ಮಾಡುತ್ತೇನೆಂದೆ. ಹೆಚ್ಚು ವಾದಿಸದೆ ಒಪ್ಪಿದರು. ಹಾಗೆ ಸುಲಭವಾಗಿ ಒಪ್ಪಿದ್ದು, ಹೆಚ್ಚಿನವರು ಅದನ್ನು ಓದುವುದೇ ಇಲ್ಲವೆಂಬುದನ್ನು ಸೂಚಿಸುತ್ತದೆ. ಮಾರಾಟಗಾರರ ಕಮಿಷನ್, ಛಾಯಾಚಿತ್ರದ ಶುಲ್ಕ, ವಿಮೆ, ಮಾರಾಟವಾಗದೆ ಉಳಿದ ವಸ್ತುವನ್ನು ಹಿಂತಿರುಗಿಸುವ ಖರ್ಚು, ಇವನ್ನೆಲ್ಲ ಕುಟುಂಬದವರು ಕನಿಷ್ಠ ಎರಡು ಸಂಸ್ಥೆಗಳಲ್ಲಿ ವಿಚಾರಿಸಬೇಕೆಂದು ನಾನೇ ಕಡತದಲ್ಲಿ ಒಂದು ಪುಟ ಬರೆದು ಸೇರಿಸಿದ್ದೇನೆ.

ಆನ್‌ಲೈನ್ ಪಟ್ಟಿಯಲ್ಲಿ ಒಂದು ವಿಚಿತ್ರ ದೋಷವಿದೆ. ಪ್ರತಿ ವಸ್ತುವಿನ ಚಿತ್ರ ಮತ್ತು ವಿವರ ಸಂಸ್ಥೆಯ ಜಾಲತಾಣದಲ್ಲಿ ನನ್ನ ಖಾತೆಯಡಿ ಇರುತ್ತವೆ, ಖಾತೆ ವಾರ್ಷಿಕ ಚಂದಾದ ಮೇಲೆ ನಡೆಯುತ್ತದೆ, ಚಂದಾ ನನ್ನ ಕಾರ್ಡಿನಿಂದ ಕಡಿತವಾಗುತ್ತದೆ. ನಾನು ಸತ್ತ ಮೇಲೆ ಕಾರ್ಡು ರದ್ದಾಗಿ, ಪಟ್ಟಿ ಯಾವಾಗ ಬೇಕಾಗುತ್ತದೋ ಸರಿಯಾಗಿ ಆಗಲೇ ಅದು ಕಾಣದಂತಾಗುತ್ತದೆ. ಪಟ್ಟಿಯನ್ನು ಸ್ಪ್ರೆಡ್‌ಶೀಟಾಗಿ ಇಳಿಸಿಕೊಳ್ಳಬಹುದು, ಆದರೆ ಚಿತ್ರಗಳು ಜೊತೆಗೆ ಬರುವುದಿಲ್ಲ. ಹಾಗಾಗಿ ಮುಖ್ಯವಾದ 200 ವಸ್ತುಗಳ ಚಿತ್ರಗಳನ್ನು ಒಂದೊಂದಾಗಿ ಉಳಿಸಿಕೊಂಡು, ಕಾಗದದ ಮೇಲೆ ಮುದ್ರಿಸಿ ಇಟ್ಟೆ. ಡಿಜಿಟಲ್ ಪ್ರತಿಯ ಮಟ್ಟಿಗೆ ಗೂಗಲ್ ಖಾತೆಯಲ್ಲಿರುವ ನಿಷ್ಕ್ರಿಯ ಖಾತೆಯ ವ್ಯವಸ್ಥೆ ಹೆಚ್ಚು ವಿವೇಕದ್ದಾಗಿ ಕಂಡಿತು: 3ರಿಂದ 18 ತಿಂಗಳವರೆಗೆ ನಾವು ಗೊತ್ತುಮಾಡಿದ ಅವಧಿಯಲ್ಲಿ ಖಾತೆ ಬಳಕೆಯಾಗದಿದ್ದರೆ, ನಾವು ಹೆಸರಿಸಿದ ಗರಿಷ್ಠ 10 ಜನರಿಗೆ ಅದು ಸುದ್ದಿ ಕಳುಹಿಸಿ, ಆರಿಸಿದ ಕಡತಗಳನ್ನು ಅವರಿಗೆ ಒದಗಿಸುತ್ತದೆ.

ವಸ್ತುಸಂಗ್ರಹಾಲಯಕ್ಕೆ ದಾನ ಕೊಡುವ ಬಗ್ಗೆ ಕೇಳಿದಾಗ ಪರಿಶೀಲಕಿ ನನ್ನ ಉತ್ಸಾಹಕ್ಕೆ ತಣ್ಣೀರೆರಚಿದರು, ಅದೂ ಸರಿಯೇ. ಇಂಗ್ಲೆಂಡಿನ ಸಂಗ್ರಾಹಕ ಥಾಮಸ್ ಟ್ಯಾಪ್ಲಿಂಗ್ 1891ರಲ್ಲಿ ತೀರಿಕೊಂಡಾಗ ಬ್ರಿಟಿಷ್ ಮ್ಯೂಸಿಯಂಗೆ ಬಿಟ್ಟುಹೋದ ಸಂಗ್ರಹ ಈಗ ಬ್ರಿಟಿಷ್ ಲೈಬ್ರರಿಗೆ ಸೇರಿದ್ದು, ಇಂದಿಗೂ ಇಡಿಯಾಗಿ ಉಳಿದಿದೆ, ನಿಜ. ಆದರೆ ಜಾಗ, ಸಿಬ್ಬಂದಿ, ಈಗಾಗಲೇ ತಮ್ಮಲ್ಲಿರುವುದರ ಪ್ರತಿಗಳು, ಹೀಗೆ ಬೇಡವೆನ್ನಲು ಸಂಸ್ಥೆಗಳಿಗೆ ಹಲವು ಕಾರಣಗಳಿರುತ್ತವೆ. ಒಪ್ಪಿಗೆಯನ್ನು ಬದುಕಿರುವಾಗಲೇ ಬರಹದಲ್ಲಿ ಪಡೆಯದಿದ್ದರೆ ಉಯಿಲಿನ ಆ ಸಾಲು ಮನೆಯವರ ತಲೆಗೆ ಕಟ್ಟಿದ ಮೂಟೆಯಾಗುತ್ತದೆ. ಉಯಿಲು ಸ್ಪಷ್ಟವಾಗಿದ್ದೂ ಕೈಗೂಡದ ಪ್ರಸಂಗವೂ ಉಂಟು. ಫಿಲಿಪ್ ಫೆರಾರಿ ತನ್ನ ಅದ್ವಿತೀಯ ಸಂಗ್ರಹವನ್ನು ಬರ್ಲಿನ್ನಿನ ಅಂಚೆ ವಸ್ತುಸಂಗ್ರಹಾಲಯಕ್ಕೆ ಬರೆದಿಟ್ಟು 1917ರಲ್ಲಿ ತೀರಿಕೊಂಡ. ಮೊದಲ ಮಹಾಯುದ್ಧದ ಕಾಲದಲ್ಲಿ ಚೀಟಿಗಳು ಫ್ರಾನ್ಸಿನಲ್ಲಿದ್ದುದರಿಂದ ಅಲ್ಲಿನ ಸರ್ಕಾರ ಅವನ್ನು ಮುಟ್ಟುಗೋಲು ಹಾಕಿಕೊಂಡು 1921ರಿಂದ ಮುಂದೆ 14 ಹರಾಜುಗಳಲ್ಲಿ ಚೆದುರಿಸಿತು. ವಸ್ತು ಯಾರಿಗೆ ಸೇರಬೇಕೆಂಬುದರಷ್ಟೇ ಅದು ಈಗ ಎಲ್ಲಿದೆ, ಯಾರ ಬಳಿ ಇದೆ ಎಂಬುದೂ ಕಡತದಲ್ಲಿ ಇರಬೇಕೆಂದು ಪರಿಶೀಲಕಿ ಪಟ್ಟುಹಿಡಿದದ್ದು ನನಗೆ ಆಗ ಅತಿಯೆನಿಸಿತ್ತು, ಈಗ ಹಾಗೆನಿಸುವುದಿಲ್ಲ.

ಯಾವ ಸೇವೆಯೂ ಮಾಡಲಾಗದ ಕೆಲಸವೊಂದು ಉಳಿಯುತ್ತದೆ. ಒಂದೇ ಬಗೆಯ ಎರಡು ಚೀಟಿಗಳನ್ನು ನಾನು ಅಕ್ಕಪಕ್ಕದಲ್ಲಿ ಯಾಕೆ ಇಟ್ಟಿದ್ದೇನೆ, ಅವುಗಳ ಕಾಗದದೊಳಗಿನ ನೀರುಗುರುತಿನಲ್ಲೋ ಅಂಚಿನ ರಂಧ್ರಗಳ ಲೆಕ್ಕದಲ್ಲೋ ಇರುವ ಭೇದವೇನು, ಪೆನ್ಸಿಲಿನಲ್ಲಿ ಬರೆದ ಒಂದಕ್ಷರದ ಸಂಕೇತಗಳ ಅರ್ಥವೇನು ಎಂಬುದು ನನ್ನ ತಲೆಯಲ್ಲಿ ಮಾತ್ರ ಇತ್ತು. ಅದನ್ನು ಬರೆಯಲು ಮೂರು ತಿಂಗಳು ಹಿಡಿಯಿತು. ಸಂಸ್ಥೆಯ ನಮೂನೆಯಲ್ಲಿ ಇದಕ್ಕೆ ಎಂಟು ಸಾಲಿನ ಜಾಗವಿತ್ತು. ಇದು ನಗು ತರಿಸುವ ಸಂಗತಿ.

ಅಂಚೆಚೀಟಿಯಾಗಲಿ ನಾಣ್ಯವಾಗಲಿ, ಮನೆಯವರಿಗೆ ಒಳಹೊರಗು ತಿಳಿಯದ ಸಂಗ್ರಹ ಯಾರ ಬಳಿ ಇದೆಯೋ ಅವರು ಈ ಸೇವೆಯ ಸಂದರ್ಶನ ಮತ್ತು ವಿಂಗಡಣೆಗಾಗಿ ಹಣ ಕೊಡಬಹುದು. ಆನ್‌ಲೈನ್ ಚಂದಾ ಬೇಡವೇ ಬೇಡ. ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ.

ಕಡತ ಸಿದ್ಧವಾದ ಮೇಲೆ ಅದನ್ನು ಮಗಳ ಕೈಗಿತ್ತು, ನನ್ನನ್ನು ಏನೂ ಕೇಳದೆ ಮೂರು ವಸ್ತುಗಳನ್ನು ಹುಡುಕಿಕೊಡಲು ಹೇಳಿದೆ. ಎರಡನ್ನು ಹತ್ತು ನಿಮಿಷದಲ್ಲಿ ತಂದಳು, ಒಂದರ ಪ್ರಮಾಣಪತ್ರದ ಸಮೇತ. ಮೂರನೆಯದು ಕಡತದಲ್ಲಿ ಹೇಳಿದ ಪೆಟ್ಟಿಗೆಯಲ್ಲಿ ಇರಲಿಲ್ಲ. ಪರಿಶೀಲಕಿ ಹೋದ ವಾರವೇ ಅದನ್ನು ನಾನು ಬೇರೆ ಕಪಾಟಿಗೆ ಸರಿಸಿ, ಬರೆದಿಡುವುದನ್ನು ಮರೆತಿದ್ದೆ.