ಕೂಸಿನ ಮನೆಗೆ ಮಗಳನ್ನು ಬಿಟ್ಟ ಒಂದು ಕುಯ್ಲು

ಕೊಡಗಿನ ಸಿದ್ದಾಪುರದ ಕಡೆ ತೋಟದ ಲೈನ್ ಮನೆಯಲ್ಲಿ, ಅಂದರೆ ಕೆಲಸದವರಿಗೆ ಸಾಲಾಗಿ ಕಟ್ಟಿದ ಮನೆಯಲ್ಲಿದ್ದೇವೆ. ಗಂಡ ಪಿಕಪ್ ಓಡಿಸುತ್ತಾರೆ. ನಾನು ಕುಯ್ಲಿನ ಸಮಯದಲ್ಲಿ ಕಾಫಿ ಕುಯ್ಯುತ್ತೇನೆ, ಉಳಿದ ದಿನ ನರೇಗಾ ಕೆಲಸ ಸಿಕ್ಕರೆ ಹೋಗುತ್ತಿದ್ದೆ. ನಮ್ಮ ಪಂಚಾಯಿತಿಯ ಕೂಸಿನ ಮನೆಗೆ, ಅಂದರೆ ಕೆಲಸಕ್ಕೆ ಹೋಗುವ ಅಮ್ಮಂದಿರ ಕೂಸುಗಳನ್ನು ಹಗಲು ನೋಡಿಕೊಳ್ಳುವ ಜಾಗಕ್ಕೆ, ಮಗಳನ್ನು 2024ರ ಅಕ್ಟೋಬರ್‌ನಿಂದ 2025ರ ಮಾರ್ಚ್‌ವರೆಗೆ ಬಿಟ್ಟಿದ್ದೆ. ಅಲ್ಲಿ ಹೇಗಿದೆ, ಬಿಡಬಹುದಾ ಅಂತ ತುಂಬಾ ಜನ ಕೇಳುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಅದಕ್ಕೂ ಹಿಂದಿನ ಕುಯ್ಲಿನಲ್ಲಿ ಅವಳಿಗೆ ಹತ್ತು ತಿಂಗಳು. ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ. ಹಲಸಿನ ಮರದ ಕೊಂಬೆಗೆ ಸೀರೆ ಕಟ್ಟಿ ಜೋಲಿ ಮಾಡಿ ಅದರಲ್ಲಿ ಮಲಗಿಸಿ, ಪಕ್ಕದ ಸಾಲಿನಲ್ಲೇ ಕುಯ್ಯುತ್ತಿದ್ದೆ. ಒಂದು ದಿನ ಚಿಗಳಿ ಇರುವೆ ಸೀರೆ ಹಿಡಿದು ಇಳಿದು ಬಂದಿವೆ. ಅಳು ಕೇಳಿ ಓಡಿದರೆ ಕಿವಿ ಹಿಂದೆ, ಕುತ್ತಿಗೆ ಮಡಿಕೆಯಲ್ಲಿ ಇರುವೆ ಕಚ್ಚಿಕೊಂಡು ನಿಂತಿದ್ದವು. ಒಂದೊಂದನ್ನೇ ಕಿತ್ತು ತೆಗೆದೆ, ತಲೆ ಚರ್ಮದಲ್ಲೇ ಉಳಿಯುತ್ತಿತ್ತು. ಅವತ್ತು ರಾತ್ರಿ ನಾನೂ ನಿದ್ದೆ ಮಾಡಲಿಲ್ಲ. ಕುಯ್ಯುವ ಪ್ರತಿ ಅಮ್ಮನ ಹತ್ತಿರವೂ ಇಂಥದ್ದೊಂದು ಕಥೆ ಇದೆ.

ಹಾಗಾಗಿ ಕೂಸಿನ ಮನೆ ಅಂತ ಒಂದು ಶುರುವಾಗಿದೆ, ದುಡ್ಡು ಕೊಡಬೇಕಾಗಿಲ್ಲ ಅಂದಾಗ ನಾನು ಎರಡನೇ ಮಾತು ಕೇಳದೆ ಹೋದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ. 2023ರ ರಾಜ್ಯ ಬಜೆಟ್‌ನಲ್ಲಿ ಹೇಳಿದ ಯೋಜನೆ ಇದು, 4000 ಗ್ರಾಮ ಪಂಚಾಯಿತಿಗಳಲ್ಲಿ ಮಾಡುತ್ತೇವೆ ಅಂದಿದ್ದರು. ಅಂಗನವಾಡಿಯಲ್ಲಿ ಕೂರಿಸಿಕೊಂಡು ಊಟ ಕೊಡುವುದು ಮೂರು ವರ್ಷ ತುಂಬಿದ ಮಕ್ಕಳಿಗೆ. ಅದಕ್ಕಿಂತ ಚಿಕ್ಕವರಿಗೆ ಪೊಟ್ಟಣ ಕೊಟ್ಟು ಮನೆಗೆ ಕಳಿಸುತ್ತಾರೆ. ಹಿಟ್ಟಿನ ಪೊಟ್ಟಣ ಮಗುವನ್ನು ನೋಡಿಕೊಳ್ಳುವುದಿಲ್ಲ ಅಲ್ವಾ? ಆ ಮೂರು ವರ್ಷದೊಳಗಿನ ಕೂಸುಗಳಿಗೆ ಈ ಜಾಗ.

ನಮ್ಮದು ಹಳೆಯ ಶಾಲೆಯ ಒಂದು ಕೊಠಡಿ. ಗೋಡೆಗೆ ಬಣ್ಣ ಹೊಡೆದು ಆನೆ, ಜಿಂಕೆ ಬರೆಸಿದ್ದಾರೆ. ಚಾಪೆ, ಆಟದ ಸಾಮಾನು, ಕುಕ್ಕರ್, ಗ್ಯಾಸ್ ಒಲೆ, ಬಾಗಿಲಿಗೆ ಮೊಣಕಾಲೆತ್ತರದ ಒಂದು ಅಡ್ಡಗೇಟು. ನಾನು ಬಿಟ್ಟಾಗ ಹನ್ನೊಂದು ಮಕ್ಕಳಿದ್ದರು. ತಾಯಿ ಕಾರ್ಡ್, ಆಧಾರ್, ನರೇಗಾ ಜಾಬ್ ಕಾರ್ಡ್ ಕೇಳಿದರು, ಅರ್ಧ ಗಂಟೆಯಲ್ಲಿ ಸೇರಿಸಿಕೊಂಡರು. ಒಂದೇ ಕಿರಿಕಿರಿ ಅಂದರೆ ಚಳಿ. ಜನವರಿಯಲ್ಲಿ ಮಂಜು ಬಿದ್ದ ಬೆಳಿಗ್ಗೆ ಆ ಸಿಮೆಂಟ್ ನೆಲ ಕಾಲಿಗೆ ಐಸ್ ಇಟ್ಟ ಹಾಗಿರುತ್ತದೆ. ಚಾಪೆ ಸಾಲದು. ಕಂಬಳಿ ನಾವೇ ಅಮ್ಮಂದಿರು ತಂದು ಹಾಕಿದೆವು.

ಆದರೆ ಜಾಗಕ್ಕಿಂತ ಜನ ಮುಖ್ಯ. ಅಲ್ಲಿ ಇಬ್ಬರು ಆರೈಕೆ ಮಾಡುವವರಿದ್ದರು. ಅದರಲ್ಲಿ ಒಬ್ಬರನ್ನು ನಾವೆಲ್ಲ ದೊಡ್ಡಕ್ಕ ಅನ್ನುತ್ತಿದ್ದೆವು. ಮೂರು ಮಕ್ಕಳನ್ನು ಸಾಕಿದ ಕೈ ಅವರದು. ಮಗಳು ಮನೆಯಲ್ಲಿ ಮೊಟ್ಟೆ ಮುಟ್ಟುತ್ತಿರಲಿಲ್ಲ. ದೊಡ್ಡಕ್ಕ ಹಳದಿಯನ್ನು ಬೇರೆ ಮಾಡಿ, ಬಿಸಿ ಅನ್ನದ ಜೊತೆ ಎರಡು ಬೆರಳಲ್ಲಿ ನುರಿದು, ಉಂಡೆ ಮಾಡಿ ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಿದ್ದರು. 'ಇದು ಅಮ್ಮಂದು, ಇದು ಅಪ್ಪಂದು' ಅಂತ ಎಣಿಸುತ್ತಾ ತಿನ್ನಿಸಿಬಿಡುತ್ತಿದ್ದರು. ಸಂಜೆ ಹೋದಾಗ ಎಷ್ಟು ಸಲ ಭೇದಿಯಾಯಿತು, ಎಷ್ಟು ಹೊತ್ತು ಮಲಗಿತು ಎಲ್ಲ ಬಾಯಲ್ಲೇ ಇರುತ್ತಿತ್ತು, ಹನ್ನೊಂದು ಮಕ್ಕಳದ್ದೂ. ಎರವರ, ಅಂದರೆ ಇಲ್ಲಿಯ ಆದಿವಾಸಿ ಜನರ ಮಗು ಒಂದಿತ್ತು, ಅದಕ್ಕೆ ಕನ್ನಡ ಬರುತ್ತಿರಲಿಲ್ಲ. ದೊಡ್ಡಕ್ಕನಿಗೆ ಅವರ ಭಾಷೆ ಬರುತ್ತಿತ್ತು. ಮೊದಲ ದಿನವೇ ಆ ಮಗು ಅವರ ಸೊಂಟ ಬಿಟ್ಟು ಇಳಿಯಲಿಲ್ಲ.

ನನ್ನ ದುಡಿಮೆಯ ಲೆಕ್ಕವನ್ನೂ ಹೇಳಬೇಕು. ಮಗು ಜೊತೆಯಲ್ಲಿದ್ದಾಗ ದಿನಕ್ಕೆ 55 ಕೆಜಿ ಕುಯ್ದರೆ ಜಾಸ್ತಿ. ಕೂಸಿನ ಮನೆಗೆ ಬಿಟ್ಟ ಮೇಲೆ 115, ಒಳ್ಳೆ ಗಿಡ ಸಿಕ್ಕ ದಿನ 120 ದಾಟಿದ್ದೂ ಇದೆ. ಕೆಜಿಗೆ ಐದು ರೂಪಾಯಿಯಂತೆ ನೋಡಿದರೆ ದಿನಕ್ಕೆ 300 ರೂಪಾಯಿ ವ್ಯತ್ಯಾಸ. ಅದೂ ಅಲ್ಲದೆ ಹಿಂದೆ ತಿರುಗಿ ತಿರುಗಿ ನೋಡುವ ಆ ಭಯ ಇಲ್ಲ. ಅದಕ್ಕೆ ಬೆಲೆ ಕಟ್ಟಲು ನನಗೆ ಬರುವುದಿಲ್ಲ.

ಇನ್ನು ಕಷ್ಟಗಳು.

ಸಮಯ ನಮ್ಮ ತೋಟಕ್ಕೆ ಹೊಂದುವುದಿಲ್ಲ. ನಮಗೆ ಎಂಟಕ್ಕೆ ಹಾಜರಿ, ತಡವಾದರೆ ಹಾಜರಿ ಬರೆಯುವ ರೈಟರ್ ನಮ್ಮ ಹೆಸರು ಬರೆದುಕೊಳ್ಳುವುದಿಲ್ಲ. ಅಲ್ಲಿ ಬಾಗಿಲು ತೆಗೆಯುವುದು ಹತ್ತಕ್ಕೆ. ಸಂಜೆ ಐದಕ್ಕೆ ಮುಚ್ಚುತ್ತಾರೆ, ನಮ್ಮ ತೂಕ ಮುಗಿಯುವುದೇ ಐದೂವರೆಗೆ. ಬೆಳಿಗ್ಗೆ ಎರಡು ಗಂಟೆ ಪಕ್ಕದ ಲೈನಿನ ಅಜ್ಜಿ ಹತ್ತಿರ ಬಿಟ್ಟು, ಅವರು ಹತ್ತಕ್ಕೆ ಕರೆದುಕೊಂಡು ಹೋಗಿ ಬಿಡುವುದು ಅಂತ ಮಾಡಿಕೊಂಡೆವು. ಆಮೇಲೆ ದೊಡ್ಡಕ್ಕ ತಾವಾಗೇ ಎಂಟಕ್ಕೇ ಬಂದು ಕೂರಲು ಶುರು ಮಾಡಿದರು. ಆ ಎರಡು ಗಂಟೆಗೆ ಅವರಿಗೆ ಒಂದು ಪೈಸೆಯೂ ಇಲ್ಲ. ಸಂಜೆಯೂ ನಮಗೋಸ್ಕರ ಕಾದು, ಕತ್ತಲಾದ ಮೇಲೆ ಆನೆ ದಾಟುವ ದಾರಿಯಲ್ಲಿ ಅವರು ಒಬ್ಬರೇ ಮನೆಗೆ ಹೋಗಬೇಕಿತ್ತು. ನನ್ನ ಗಂಡ ಎಷ್ಟೋ ಸಲ ಪಿಕಪ್‌ನಲ್ಲಿ ಬಿಟ್ಟು ಬಂದಿದ್ದಾರೆ.

ಎಲ್ಲಕ್ಕಿಂತ ನನಗೆ ಬೇಜಾರಾಗಿದ್ದು ಜನವರಿ ಕೊನೆಯಲ್ಲಿ. ಸೋಮವಾರ ಹೋದರೆ ದೊಡ್ಡಕ್ಕ ಇಲ್ಲ. ಅವರ ನೂರು ದಿನ ಮುಗಿಯಿತು ಅಂದರು. ಆಗ ಗೊತ್ತಾಯಿತು, ಇಲ್ಲಿ ಆರೈಕೆ ಮಾಡುವವರಿಗೆ ಸಂಬಳ ಅಂತ ಇಲ್ಲ, ನರೇಗಾ ಕೂಲಿ. ಆ ವರ್ಷ ದಿನಕ್ಕೆ 349 ರೂಪಾಯಿ. ಕಾಯ್ದೆಯಲ್ಲಿ ಒಂದು ಮನೆಗೆ ವರ್ಷಕ್ಕೆ ನೂರು ದಿನ ಇತ್ತು, ಹಾಗಾಗಿ ತರಬೇತಿ ಕೊಟ್ಟ ಹೆಂಗಸರನ್ನು ಸರದಿ ಮೇಲೆ ಹಾಕುತ್ತಿದ್ದರು. ನೂರು ದಿನ ಒಬ್ಬರು, ಆಮೇಲೆ ಇನ್ನೊಬ್ಬರು. ಇದು ಮನೆಗೆ ಕೊಡುವ ಲೆಕ್ಕ ಆದ್ದರಿಂದ ದೊಡ್ಡಕ್ಕ ನಮ್ಮ ಮಕ್ಕಳನ್ನು ನೋಡಿಕೊಂಡ ಒಂದೊಂದು ದಿನವೂ ಅವರ ಮನೆಯ ನೂರರಲ್ಲೇ ಕಳೆಯಿತು. ಅವರ ಗಂಡ ಕೆರೆ ಕೆಲಸಕ್ಕೆ ಹೋಗೋಣ ಅಂದರೆ ದಿನವೇ ಉಳಿದಿರಲಿಲ್ಲ. ಬಂದ ಕೂಲಿಯೂ ಎರಡು ತಿಂಗಳು ತಡವಾಗಿ ಬಂತು, ಅಷ್ಟು ದಿನ ಅಂಗಡಿಯಲ್ಲಿ ಸಾಲ ಬರೆಸಿದರು.

ಮಗಳು ಮಧ್ಯಾಹ್ನ ಮಲಗುವಾಗ ದೊಡ್ಡಕ್ಕನ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಮೂಗಿಗೆ ಒತ್ತಿಕೊಂಡು ಮಲಗುತ್ತಿದ್ದಳು. ಹೊಸದಾಗಿ ಬಂದವರು ಚೂಡಿದಾರ್ ಹಾಕುತ್ತಿದ್ದರು, ವೇಲ್ ಪಿನ್ ಮಾಡಿರುತ್ತಿತ್ತು. ಇವಳು ಅದನ್ನು ಎಳೆದು ನೋಡಿ, ಅದಲ್ಲ ಅಂತ ಬಿಟ್ಟು ಅತ್ತಳಂತೆ. ಒಂದು ವಾರ ಮಧ್ಯಾಹ್ನ ನಿದ್ದೆ ಇಲ್ಲ, ಊಟ ಇಲ್ಲ. ಹೊಸಬರು ಕೆಟ್ಟವರೇನಲ್ಲ, ಪಾಪ, ಎತ್ತಿಕೊಂಡೇ ಓಡಾಡುತ್ತಿದ್ದರು. ಅವರೇ ಉಪಾಯ ಹೇಳಿದರು. ನನ್ನದೊಂದು ಹಳೆ ಸೀರೆಯ ತುಂಡು ಕೊಟ್ಟೆ. ಅದನ್ನು ಹಿಡಿದು ಮಲಗಲು ಎರಡು ವಾರ ಬೇಕಾಯಿತು. ಆ ಎರವರ ಮಗು ಬರುವುದನ್ನೇ ನಿಲ್ಲಿಸಿತು. ಅದರ ಅಮ್ಮ ಮತ್ತೆ ತೋಟಕ್ಕೇ ಕರೆದುಕೊಂಡು ಹೋದಳು. ಕಾರಣ ಕೇಳಿದೆ. 'ಅಲ್ಲಿ ಅದರ ಮಾತು ಯಾರಿಗೂ ಗೊತ್ತಾಗಲ್ಲ ಅಕ್ಕಾ' ಅಂದಳು. ರೊಬಸ್ಟಾ ಕುಯ್ಲು ಜೋರಾಗಿ ನಡೆಯುವ ಹೊತ್ತಿಗೇ ಸರಿಯಾಗಿ ಈ ಬದಲಾವಣೆ ಬಂದಿದ್ದು.

ಒಂದೂವರೆ ವರ್ಷದ ಮಗುವಿಗೆ ಕೇಂದ್ರ, ಯೋಜನೆ, ಸರದಿ ಇದೆಲ್ಲ ಏನು ಗೊತ್ತು? ಅದಕ್ಕೆ ಗೊತ್ತಿರುವುದು ಒಂದು ಮುಖ, ಒಂದು ವಾಸನೆ. ಕಟ್ಟಡ, ಬಣ್ಣ, ಆಟದ ಸಾಮಾನು ಅರ್ಧ ಇದ್ದರೂ ನಡೆಯುತ್ತದೆ. ನೋಡಿಕೊಳ್ಳುವವರನ್ನು ಬದಲಾಯಿಸಬಾರದು. ಅವರಿಗೆ ತಿಂಗಳ ಸಂಬಳ ಕೊಟ್ಟು ವರ್ಷಪೂರ್ತಿ ಇರಿಸಿಕೊಳ್ಳಬೇಕು. ಅಂಗನವಾಡಿಯವರಿಗೆ ಕೊಡುವ ಗೌರವಧನ ಎಷ್ಟು ಕಡಿಮೆ ಅಂತ ಎಲ್ಲರಿಗೂ ಗೊತ್ತು, ಆದರೂ ಅಲ್ಲಿ ಟೀಚರ್ ಅದೇ ಟೀಚರ್, ಮಕ್ಕಳು ಕೆಲಸಕ್ಕೆ ಸೇರಿದ ಮೇಲೂ ಅವರನ್ನು ಟೀಚರ್ ಅಂತಲೇ ಮಾತಾಡಿಸುತ್ತಾರೆ.

ತೋಟದವರೇ ಮಾಡಬೇಕಲ್ವಾ ಅಂತ ಕೆಲವರು ಕೇಳಿದರು. 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲಿ 50 ಹೆಂಗಸರು ಕೆಲಸಕ್ಕಿದ್ದರೆ ಅಥವಾ ಅವರ ಮಕ್ಕಳು 20 ಇದ್ದರೆ ತೋಟದವರು ಶಿಶುವಿಹಾರ ಇಡಬೇಕು ಅಂತಿತ್ತು. ನಮ್ಮ ಸಾಹುಕಾರರದ್ದು ಚಿಕ್ಕ ತೋಟ, ಕುಯ್ಲಿನಲ್ಲೂ ಹದಿನೈದು ಹೆಂಗಸರು ದಾಟುವುದಿಲ್ಲ. ಕೊಡಗಿನಲ್ಲಿ ಇಂಥ ಚಿಕ್ಕ ತೋಟಗಳೇ ಜಾಸ್ತಿ. ನಮಗೆ ಪಂಚಾಯಿತಿ ಬಿಟ್ಟರೆ ಬೇರೆ ದಿಕ್ಕಿಲ್ಲ.

ಇನ್ನೊಂದು ಮಾತು. ನಮ್ಮ ಲೈನಿನಲ್ಲೇ ಅಸ್ಸಾಮಿನಿಂದ ಬಂದ ಒಂದು ಸಂಸಾರ ಇದೆ. ಅವರ ಜಾಬ್ ಕಾರ್ಡ್ ಅವರ ಊರಿನದು, ಇಲ್ಲಿಯದಲ್ಲ. ಮೊದಲ ದಿನ ಅವರ ಮಗುವನ್ನು ವಾಪಸ್ ಕಳಿಸಿದರು. ದೊಡ್ಡಕ್ಕ ಪಂಚಾಯಿತಿಗೆ ಎರಡು ಸಲ ಹೋಗಿ ಮಾತಾಡಿ ಸೇರಿಸಿಕೊಂಡರು. ಅಜ್ಜಿ ಇಲ್ಲದವರು, ನೆಂಟರಿಲ್ಲದವರು ಅವರೇ ತಾನೇ. ಅಂಥವರ ಮಗುವಿಗೆ ಕಾರ್ಡ್ ಕೇಳಬಾರದು.

ಐದರಲ್ಲಿ ನಾಲ್ಕು ಕೊಡುತ್ತೇನೆ. ನಾಲ್ಕೂ ನೋಡಿಕೊಂಡವರಿಗೆ, ಹೊಸಬರಿಗೂ ಸೇರಿಸಿ. ನಿಮ್ಮ ಪಂಚಾಯಿತಿಯಲ್ಲಿ ಇದ್ದರೆ ಯೋಚನೆ ಮಾಡದೆ ಬಿಡಿ. ಕುಯ್ಲಿಗೆ ಒಂದು ತಿಂಗಳು ಮೊದಲೇ ಸೇರಿಸಿ, ಮಗು ಹೊಂದಿಕೊಳ್ಳಲು ಅಷ್ಟು ಬೇಕು. ಎರಡು ಜೊತೆ ಬಟ್ಟೆ, ಸ್ವೆಟರ್, ಕಾಲುಚೀಲ, ನಿಮ್ಮದೇ ಹಳೆ ಸೀರೆಯ ಒಂದು ತುಂಡು ಚೀಲದಲ್ಲಿಡಿ. ನೋಡಿಕೊಳ್ಳುವವರ ದಿನ ಯಾವಾಗ ಮುಗಿಯುತ್ತದೆ ಅಂತ ಮೊದಲೇ ಕೇಳಿಕೊಳ್ಳಿ, ಮುಂದೆ ಬರುವವರು ಒಂದು ವಾರ ಮೊದಲೇ ಬಂದು ಮಕ್ಕಳ ಜೊತೆ ಕೂರಲಿ ಅಂತ ಹೇಳಿ. ಸಮಯದ ವಿಷಯ ಗ್ರಾಮಸಭೆಯಲ್ಲಿ ಎದ್ದು ನಿಂತು ಮಾತಾಡಿ. ನಾವು ಹೋದ ಸಲ ಒಂಬತ್ತು ಜನ ಅಮ್ಮಂದಿರು ಒಟ್ಟಿಗೆ ಹೋಗಿ ಎಂಟಕ್ಕೆ ತೆಗೆಯಿರಿ, ಆ ಗಂಟೆಗಳ ಕೂಲಿಯನ್ನೂ ಕೊಡಿ ಅಂತ ಬರೆದು ಕೊಟ್ಟಿದ್ದೇವೆ. ಅರ್ಜಿಯ ಮೊದಲ ಸಹಿ ಆ ಎರವರ ಮಗುವಿನ ಅಮ್ಮನದು.